ಟೆಕ್ಸಾಸ್‌ನಲ್ಲಿ ಜಡ್ಜ್ ಆಗಬೇಕಾ? ಓಟು ಕೇಳೋಕೆ ರೆಡಿಯಾಗಿ

ಕರ್ನಾಟಕದಲ್ಲಿ ಸಿವಿಲ್ ಜಡ್ಜ್ ಆಗಲು ಹೈಕೋರ್ಟ್ ನಡೆಸುವ ಪರೀಕ್ಷೆ ಪಾಸಾದರೆ ದಾರಿ ಸಿಗುತ್ತದೆ. ಟೆಕ್ಸಾಸ್‌ನಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಆಗಲು ಪಕ್ಷದಿಂದ ನಿಂತು ಗೆಲ್ಲಬೇಕು. ನಾನು ಹ್ಯೂಸ್ಟನ್ ಪಕ್ಕದ ಶುಗರ್‌ಲ್ಯಾಂಡ್‌ನಲ್ಲಿ ವಕೀಲೆ, ಜಡ್ಜ್ ಚುನಾವಣೆಗೆ ನಿಂತ ಗೆಳೆಯರಿಗಾಗಿ ಮನೆಮನೆ ಸುತ್ತಿದವಳು. ಇಲ್ಲೇ ಲಾ ಓದಿದ ನಮ್ಮ ಮಕ್ಕಳು "ಆಂಟಿ, ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದು.

ಮೊದಲು ಅರ್ಹತೆ ನೋಡಿಕೊಳ್ಳಿ. ಅಮೆರಿಕದ ಪೌರತ್ವ, ಟೆಕ್ಸಾಸ್ ವಕೀಲಿಕೆಯ ಲೈಸೆನ್ಸ್, ಆ ಡಿಸ್ಟ್ರಿಕ್ಟ್‌ನಲ್ಲಿ 2 ವರ್ಷದ ವಾಸ ಬೇಕು. ವಕೀಲಿಕೆಯ ಅನುಭವ ಮೊದಲು 4 ವರ್ಷ ಇದ್ದರೆ ಸಾಕಿತ್ತು, 2021ರ ತಿದ್ದುಪಡಿಯ ನಂತರ 8 ವರ್ಷ. ಭಾರತದಲ್ಲಿ ಲಾ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ನಮ್ಮ ಪಕ್ಕದ ಕಾಸರಗೋಡಿನಲ್ಲಿ ಬೀಡಿ ಕಟ್ಟಿ ಓದಿದ ಸುರೇಂದ್ರನ್ ಪಟ್ಟೇಲ್ 2007ರಲ್ಲಿ ಇಲ್ಲಿಗೆ ಬಂದರು, 2017ರಲ್ಲಿ ಪೌರತ್ವ ಪಡೆದರು, 2023ರಲ್ಲಿ ಫೋರ್ಟ್ ಬೆಂಡ್ ಕೌಂಟಿಯ 240ನೇ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ಆದರು. 2020ರಲ್ಲಿ ಒಮ್ಮೆ ನಿಂತು ಸೋತಿದ್ದವರು ಅವರು.

ಕಾಗದಪತ್ರದ ಕೆಲಸದಲ್ಲಿ ಒಂದು ವಿಷಯ ಮರೆಯಬೇಡಿ. ಪ್ರಚಾರದ ಖಜಾಂಚಿಯನ್ನು ನೇಮಿಸಿ ಫಾರಂ ಕೊಡುವ ಮೊದಲು ಒಂದು ಡಾಲರನ್ನೂ ಮುಟ್ಟುವ ಹಾಗಿಲ್ಲ, ಚಿಕ್ಕಪ್ಪ ಪ್ರೀತಿಯಿಂದ ಕೊಟ್ಟರೂ. ಉಮೇದುವಾರಿಕೆಯ ಅರ್ಜಿಗೆ ಡಿಸೆಂಬರ್ ಎರಡನೇ ಸೋಮವಾರ ಕೊನೆ, ಪಕ್ಷದ ಅಭ್ಯರ್ಥಿ ಯಾರೆಂದು ಓಟಿನಿಂದ ಆರಿಸುವ ಪ್ರೈಮರಿ ಮಾರ್ಚ್‌ನಲ್ಲಿ. ಪ್ರೈಮರಿ ಬ್ಯಾಲಟ್‌ನಲ್ಲಿ ಯಾರ ಹೆಸರು ಮೇಲೆ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಹಣೆಬರಹ ಅಂದುಕೊಳ್ಳಿ.

ಹೆಸರಿನ ಬಗ್ಗೆ ಈಗಲೇ ಯೋಚಿಸಿ. "ಕೊಟ್ರೇಶ್ ಬಸವಲಿಂಗಪ್ಪ ಹಿರೇಮಠ" ಎಂದು ಬೋರ್ಡ್ ಹಾಕಿದರೆ ಕಾರಿನಲ್ಲಿ ಹೋಗುವವರು ಓದುವಷ್ಟರಲ್ಲಿ ಸಿಗ್ನಲ್ ದಾಟಿರುತ್ತಾರೆ. ಎಲ್ಲರೂ ನಿಮ್ಮನ್ನು "ಕೊಟ್ಟಿ" ಎಂದೇ ಕರೆಯುತ್ತಾರಾ? ಕನಿಷ್ಠ 3 ವರ್ಷದಿಂದ ಬಳಕೆಯಲ್ಲಿದ್ದರೆ ಅಡ್ಡಹೆಸರನ್ನು ಬ್ಯಾಲಟ್‌ನಲ್ಲಿ ಹಾಕಿಸಬಹುದು.

ಬಾಗಿಲು ತಟ್ಟುವಾಗ ನಿಜವಾದ ಕಷ್ಟ ಶುರು. ನಮ್ಮ ಅಭ್ಯರ್ಥಿಯೊಬ್ಬರನ್ನು ಒಬ್ಬ ಅಜ್ಜಿ "ಕಳ್ಳರಿಗೆ ಬೇಲ್ ಕೊಡ್ತೀಯಾ?" ಎಂದು ಕೇಳಿಯೇಬಿಟ್ಟರು. ಮುಂದೆ ಬರಬಹುದಾದ ಕೇಸಿನ ಬಗ್ಗೆ ಜಡ್ಜ್ ಅಭ್ಯರ್ಥಿ ಮಾತು ಕೊಡುವಂತಿಲ್ಲ, ನ್ಯಾಯಾಧೀಶರ ನೀತಿಸಂಹಿತೆ ಒಪ್ಪುವುದಿಲ್ಲ. "ಎರಡೂ ಕಡೆ ಕೇಳಿ, ಕಾನೂನು ನೋಡಿ ನಿರ್ಧರಿಸ್ತೀನಿ" ಅನ್ನಬಹುದು, ಅಷ್ಟೇ. ಸಪ್ಪೆ ಉತ್ತರ ಅಲ್ವಾ? ಹೌದು. ಅದಕ್ಕೇ ಚುನಾವಣೆಗೆ ವರ್ಷಗಳ ಮೊದಲೇ ಜನರಿಗೆ ಪರಿಚಯವಾಗಿರಬೇಕು ಅನ್ನುವುದು. ವಕೀಲರ ಸಂಘಕ್ಕೆ ಹೋಗಿ, ಬಡವರ ಕೇಸು ಪುಕ್ಕಟೆ ನಡೆಸಿ, ಗುರುದ್ವಾರ, ಚರ್ಚು, ಕನ್ನಡ ಸಂಘ ಎಲ್ಲ ಕಡೆ ಮುಖ ತೋರಿಸಿ. ಬರೀ ಕನ್ನಡದವರ ಓಟು ನಂಬಿಕೊಂಡರೆ ಗೆಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಪಕ್ಷದ ಗಾಳಿ ನಿಮ್ಮ ಕೈಯಲ್ಲಿಲ್ಲ. 2018ರಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ ಡೆಮಾಕ್ರಟಿಕ್ ಅಲೆಗೆ ಎಷ್ಟೋ ರಿಪಬ್ಲಿಕನ್ ಜಡ್ಜ್‌ಗಳು ಕುರ್ಚಿ ಕಳೆದುಕೊಂಡರು. 2020ರಿಂದ ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ಓಟು ಹಾಕುವ ಪದ್ಧತಿ ಹೋಗಿದೆ. ಈಗ ಬ್ಯಾಲಟ್‌ನ ಕೆಳಗಿರುವ ನಿಮ್ಮ ಹೆಸರಿನ ತನಕ ಓಟರು ಇಳಿದು ಬರಬೇಕು. ಪ್ರಚಾರದ ಚೀಟಿಯಲ್ಲಿ ಕೋರ್ಟ್ ನಂಬರ್ ದೊಡ್ಡದಾಗಿ ಹಾಕಿಸಿ.

ನವೆಂಬರ್‌ನಲ್ಲಿ ಗೆದ್ದರೆ ಅವಧಿ 4 ವರ್ಷ, ಶುರು ಜನವರಿ 1ಕ್ಕೆ. ಆಮೇಲೆ ವಕೀಲಿಕೆ ಮಾಡುವಂತಿಲ್ಲ. ನಡುವೆ ಎರಡು ತಿಂಗಳೂ ಸಿಗುವುದಿಲ್ಲ, ಕಕ್ಷಿದಾರರ ಫೈಲುಗಳನ್ನು ಯಾವ ವಕೀಲರಿಗೆ ಒಪ್ಪಿಸುತ್ತೀರಿ ಎಂದು ಬೇಸಿಗೆಯಲ್ಲೇ ಮಾತಾಡಿಟ್ಟುಕೊಳ್ಳಿ.