ಶಿರಸಿ–ಕುಮಟಾ ರಸ್ತೆಯಲ್ಲಿ ಓಡುವ ಕಾರನ್ನು ಲೋ ಮಾಡಿಸುವವರಿಗೆ

ಕಾರು ಲೋ ಮಾಡಿಸಬೇಕು, ಅಂದರೆ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನೆಲದ ಕಡೆಗೆ ತಗ್ಗಿಸಬೇಕು ಅಂತ ಮನಸ್ಸಿದ್ದರೆ ಸ್ಪ್ರಿಂಗ್ ಹುಡುಕುವ ಮೊದಲು ಒಂದು ತುಂಡು ಥರ್ಮಾಕೋಲ್ ಹುಡುಕಿ. ಎಷ್ಟು ತಗ್ಗಿಸಬೇಕು ಅಂದುಕೊಂಡಿದ್ದೀರೋ ಅಷ್ಟೇ ದಪ್ಪಕ್ಕೆ ಅದನ್ನು ಕತ್ತರಿಸಿ. 30 ಮಿಲಿಮೀಟರ್ ಅಂದರೆ ಸರಿಯಾಗಿ 30. ಗಾಡಿಯ ಹೊಟ್ಟೆಯಡಿ ಎಲ್ಲಕ್ಕಿಂತ ಕೆಳಗೆ ಇರುವ ಲೋಹದ ಭಾಗಕ್ಕೆ ಟೇಪ್ ಸುತ್ತಿ ಗಟ್ಟಿಯಾಗಿ ಕಟ್ಟಿ. ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಬೇಡ, ಬಿಸಿಗೆ ಹೊತ್ತಿಕೊಳ್ಳಬಹುದು. ಆಮೇಲೆ ಮನೆಯವರನ್ನೆಲ್ಲ ಕೂರಿಸಿ, ಡಿಕ್ಕಿಯಲ್ಲಿ ಯಾವಾಗಲೂ ಒಯ್ಯುವ ಸಾಮಾನು ತುಂಬಿ, ಅಡಿಕೆ ಚೀಲವೋ ತೆಂಗಿನಕಾಯಿಯೋ ಏನಿದ್ದರೂ ಸರಿ, ದಿನಾ ಓಡಾಡುವ ದಾರಿಯಲ್ಲೇ ಒಂದು ವಾರ ಓಡಿಸಿ. ತುಂಡು ಹಾಗೇ ಉಳಿದರೆ ಅಷ್ಟು ತಗ್ಗಿಸಬಹುದು. ಉಜ್ಜಿಹೋಗಿದ್ದರೆ ಇನ್ನೂ ತೆಳ್ಳಗಿನ ತುಂಡು ಕಟ್ಟಿ ಮತ್ತೆ ನೋಡಿ. ಲೋವರಿಂಗ್ ಸ್ಪ್ರಿಂಗ್ ಕಂಪನಿಯದ್ದಕ್ಕಿಂತ ಗಟ್ಟಿ ಇರುವುದರಿಂದ ಭಾರಕ್ಕೆ ಸ್ವಲ್ಪ ಕಡಿಮೆ ಕುಸಿಯುತ್ತದೆ. ಹಾಗಾಗಿ ಈ ಪರೀಕ್ಷೆ ತುಸು ಕಟ್ಟುನಿಟ್ಟಿನದ್ದೇ, ಇರಲಿ.

ನಮ್ಮ ಕಡೆ ಗಾಡಿಯ ಹೊಟ್ಟೆ ತಾಗುವುದು ಹೆಚ್ಚಾಗಿ ರಸ್ತೆಯ ಹಂಪ್‌ಗಳಿಗೆ. ಈಗಿನ ಸ್ವಿಫ್ಟ್‌ಗೆ ನೆಲದಿಂದ 163 ಮಿಲಿಮೀಟರ್ ಜಾಗ ಇದೆ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದ. ಸ್ವಿಫ್ಟ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.45 ಮೀಟರ್ ಅಂತರ. ಅಂದರೆ ಸರಿಯಾಗಿ ಕಟ್ಟಿದ ಹಂಪ್ ಮೇಲೆ ನಾಲ್ಕೂ ಚಕ್ರ ಹಂಪಿನ ಮೇಲೇ ಇರುತ್ತವೆ, ಹೊಟ್ಟೆಯಡಿ ಕಡಿಮೆಯಾಗುವುದು ನಾಲ್ಕೂವರೆ ಸೆಂಟಿಮೀಟರ್ ಅಷ್ಟೇ. ಊರೊಳಗೆ ಯಾರೋ ಒಂದು ಮಾರು ಅಗಲಕ್ಕೆ ಡಾಂಬರು ಸುರಿದು ಮಾಡಿದ ಹಂಪ್ ಹಾಗಲ್ಲ. ಚಕ್ರಗಳು ಎರಡೂ ಕಡೆ ಕೆಳಗೆ ಇಳಿದಿರುತ್ತವೆ, ಹಂಪಿನ ಪೂರ್ತಿ ಎತ್ತರ ಹೊಟ್ಟೆಯಡಿ ಬರುತ್ತದೆ. ಐದು ಜನ ಕೂತಾಗ ಗಾಡಿ ಇನ್ನಷ್ಟು ಕುಸಿದಿರುತ್ತದೆ. ಆದ್ದರಿಂದ ನಿಮ್ಮ ಮನೆ ದಾರಿಯ ಅತಿ ಕೆಟ್ಟ ಹಂಪ್ ಯಾವುದೋ ಅದೇ ನಿಮ್ಮ ಅಳತೆ. ಕರಾವಳಿಯಿಂದ ಘಟ್ಟ ಹತ್ತಿ ಇಳಿಯುವ ಸಾಮಾನ್ಯ ಹ್ಯಾಚ್‌ಬ್ಯಾಕಿಗೆ ನಾನು ಹೇಳುವುದು 25ರಿಂದ 30 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಬೇಡ. ತೋಟದ ಮಣ್ಣುರಸ್ತೆಯಲ್ಲಿ ದಿನಾ ಓಡಾಡುವವರಾದರೆ ಈ ಕೆಲಸಕ್ಕೇ ಕೈಹಾಕಬೇಡಿ.

ಇಷ್ಟು ತಗ್ಗಿಸಿದರೂ ಏನು ಲಾಭ ಅಂತ ಕೇಳಬಹುದು. ಈ ರಸ್ತೆಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಗೊತ್ತಾಗುತ್ತದೆ. ಭಾರ ಕೆಳಗೆ ಬಂದಿರುತ್ತದೆ, ಸ್ಪ್ರಿಂಗ್ ಗಟ್ಟಿ ಇರುತ್ತದೆ, ಗಾಡಿ ಹೊರಮಗ್ಗುಲಿಗೆ ವಾಲುವುದು ಕಡಿಮೆಯಾಗುತ್ತದೆ, ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ಆದರೆ ಇದೆಲ್ಲ ಶಾಕ್ ಅಬ್ಸಾರ್ಬರ್‌ಗೆ ಮೇಲೆ ಕೆಳಗೆ ಆಡಲು ಜಾಗ ಇರುವ ತನಕ. ತೀರಾ ತಗ್ಗಿಸಿದರೆ ಶಾಕ್ ತಳಕ್ಕೆ ಹೋಗಿ ಬಂಪ್ ಸ್ಟಾಪ್, ಅಂದರೆ ಅದನ್ನು ಕೊನೆಯಲ್ಲಿ ತಡೆಯುವ ಮೆತ್ತನೆ ತುಂಡಿನ ಮೇಲೆ ಕೂರುತ್ತದೆ. ತಿರುವಿನ ಮಧ್ಯೆ ಒಂದು ಹೊಂಡ ಬಂದರೆ ಚಕ್ರ ಮೇಲೆ ಹೋಗಲು ಜಾಗವಿಲ್ಲದೆ ಇಡೀ ಗಾಡಿಯೇ ನೆಗೆದು ಹಿಡಿತ ತಪ್ಪುತ್ತದೆ. ಘಟ್ಟದಲ್ಲಿ ಹೀಗಾದರೆ ಪಕ್ಕದಲ್ಲಿ ಏನಿದೆ ಅಂತ ನಿಮಗೇ ಗೊತ್ತು.

ಕಾನೂನಿನ ಮಾತು ಬೇಗ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ, ಉತ್ತರ ಬರಹದಲ್ಲೇ ಇರಲಿ. ಇಲ್ಲವಾದರೆ ಅಪಘಾತ ಆದ ದಿನ ಕ್ಲೇಮ್ ನಿಂತುಹೋಗಬಹುದು.

ಈಗ ಸ್ಪ್ರಿಂಗ್ ವಿಷಯ. ಇದರಲ್ಲಿ ನನಗೆ ಹೊಟ್ಟೆ ಉರಿಯುವ ಒಂದು ಸಂಗತಿ ಇದೆ. ನಾನು ಹಿಂದೆ ತಗೊಂಡ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ತಗ್ಗಾಗಿ ಚೆನ್ನಾಗಿತ್ತು. ಓಡಿಸುವಾಗ ಹಂಪ್ ದಾಟಿದಾಗೆಲ್ಲ ಮುಂದಿನಿಂದ ಟಣ್ ಅಂತ ಸದ್ದು. ಟಯರ್ ಒಳಅಂಚು ಕೆಲವೇ ತಿಂಗಳಲ್ಲಿ ಬೋಳಾಯಿತು. ಒಂದು ದಿನ ಆಯಿಯನ್ನು ಕುಮಟಾಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಘಟ್ಟದಲ್ಲಿ ಆ ಸದ್ದು ಜೋರಾಯಿತು, ಅವಳು ಹೆದರಿ ನನ್ನ ಕೈ ಹಿಡಿದುಕೊಂಡಳು. ಕೆಳಗೆ ಇಳಿದು ಗ್ಯಾರೇಜಿನಲ್ಲಿ ಜ್ಯಾಕ್ ಹಾಕಿ ಎತ್ತಿಸಿದರೆ, ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗಿ ಗಿರಗಿರ ತಿರುಗುತ್ತಿತ್ತು. ಯಾರೋ ಕಟಿಂಗ್ ಮಷಿನ್ನಿನಿಂದ ಒಂದೂವರೆ ಸುತ್ತು ಕತ್ತರಿಸಿ ಹಾಕಿದ್ದರು.

ಕತ್ತರಿಸಿದ ಸ್ಪ್ರಿಂಗ್ ಯಾಕೆ ಕೆಟ್ಟದ್ದು ಅಂದರೆ, ಅದರ ತುದಿ ತಳದ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಕೆಳಗೆ ಜೋತಾಗ ಉದ್ದ ಸಾಲದೆ ಜಾಗ ತಪ್ಪಬಹುದು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ನಿಜ, ಆದರೆ ಕಳೆದುಹೋದ ಜಾಗಕ್ಕೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಗ್ಯಾಸ್‌ನಿಂದ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ಎರಡಕ್ಕೂ ಯಾರು ಎಷ್ಟೇ ಕಡಿಮೆ ರೇಟ್ ಹೇಳಿದರೂ ಒಪ್ಪಬೇಡಿ.

ನಿಮ್ಮ ಮಾಡೆಲ್‌ಗೇ ಅಂತ ಮಾಡಿದ ಲೋವರಿಂಗ್ ಸ್ಪ್ರಿಂಗ್ ಸೆಟ್ ತಗೊಳ್ಳಿ, ನಾಲ್ಕೂ ಒಟ್ಟಿಗೆ. ಹಳೇ ಶಾಕ್‌ಗಳು ಎಣ್ಣೆ ಸೋರುತ್ತಿದ್ದರೆ ಅವನ್ನೂ ಬದಲಿಸಿ. ಗಟ್ಟಿ ಸ್ಪ್ರಿಂಗಿಗೆ ಸೋತ ಶಾಕ್ ಹಾಕಿದರೆ ಗಾಡಿ ದೋಣಿಯ ಹಾಗೆ ಕುಣಿಯುತ್ತದೆ. ಎತ್ತರ ತಿರುಗಿಸಿ ಹೊಂದಿಸುವ ಕಾಯಿಲ್ಓವರ್ ಬೆಲೆ ಜಾಸ್ತಿ, ಮೇಲಾಗಿ ಕಾರವಾರ, ಅಂಕೋಲಾದಂಥ ಸಮುದ್ರದ ಬದಿಯ ಊರಲ್ಲಿ ಉಪ್ಪುಗಾಳಿಗೆ ಅದರ ತಿರುಪಿನ ಮರೆ ಜಾಮ್ ಆಗಿಬಿಡುತ್ತದೆ. ಹಾಕಿದರೆ ಮರೆಗೆ ಆಗಾಗ ಗ್ರೀಸ್ ಹಚ್ಚುತ್ತಿರಬೇಕು.

ಕೆಲಸ ಶುರು ಮಾಡುವ ಮೊದಲು ನಾಲ್ಕೂ ಚಕ್ರದ ಗಾಳಿ ಸರಿ ಮಾಡಿ, ಸಪಾಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಅಂತ ನಾಲ್ಕೂ ಕಡೆ ಅಳೆದು ಬರೆದಿಡಿ. ಆಮೇಲೆ ಎಷ್ಟು ಇಳಿಯಿತು, ಎಡಬಲ ಸಮ ಇದೆಯಾ ಅಂತ ಹೇಳುವುದು ಈ ಲೆಕ್ಕವೇ.

ಗಾಡಿ ಎತ್ತುವುದು ಸಿಮೆಂಟ್ ನೆಲದ ಮೇಲೆ ಮಾತ್ರ. ಅಂಗಳದ ಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ. ಚಿರೇಕಲ್ಲು ಅಡಿಗಿಡುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬೇಡ. ಅದು ಗೋಡೆಗೆ ಒಳ್ಳೆಯ ಕಲ್ಲು, ಗಾಡಿಯ ಭಾರ ಒಂದೇ ಕಡೆ ಬಿದ್ದರೆ ಎದುರಿಗೇ ಸೀಳಿಹೋಗಬಹುದು. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಗಾಡಿ ಕೆಳಗೆ ತಲೆ ಹಾಕಲೇಬಾರದು.

ಮುಂದಿನ ಚಕ್ರದ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಇರುವ ಭಾಗ, ಬಿಚ್ಚುವಾಗ ಬ್ರೇಕ್ ಪೈಪ್, ಎಬಿಎಸ್ ವೈರ್ ಕ್ಲಿಪ್‌ಗಳನ್ನು ಮೊದಲು ಬಿಡಿಸಿ, ಚಕ್ರ ಕೂರುವ ಹಬ್ ಅನ್ನು ತಂತಿಯಿಂದ ಮೇಲೆ ಕಟ್ಟಿಡಿ. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಬಾರದು. ಇದಾದ ಮೇಲಿನದ್ದೇ ಅಪಾಯದ ಹಂತ. ಸ್ಟ್ರಟ್‌ನೊಳಗೆ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ. ಅದನ್ನು ಸ್ಪ್ರಿಂಗ್ ಕಂಪ್ರೆಸರ್‌ನಿಂದ ಒತ್ತದೆ ಮೇಲಿನ ನಟ್ ಬಿಚ್ಚಿದರೆ ಗುಂಡಿನ ಹಾಗೆ ಹಾರುತ್ತದೆ, ಜೀವ ಹೋಗಬಹುದು. ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ, ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಹೀಗೆ ಸಮವಾಗಿ ಬಿಗಿಯಬೇಕು. ಸ್ಪ್ರಿಂಗ್ ತಟ್ಟೆಯಿಂದ ಸಡಿಲವಾದ ಮೇಲೆಯೇ ನಟ್‌ಗೆ ಪಾನಾ ಹಾಕಬೇಕು. ಇದನ್ನು ಮೊದಲ ಸಲ ಮಾಡುವವರು ಒಬ್ಬರೇ ಮಾಡಬೇಡಿ. ಸ್ಟ್ರಟ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅನುಭವ ಇರುವ ಮೇಸ್ತ್ರಿ ಹತ್ತಿರ ಹೋದರೂ ಆಯಿತು.

ಹೊಸ ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿದೆಯಾ ನೋಡಿ. ಬಂಪ್ ಸ್ಟಾಪ್ ಕತ್ತರಿಸಬೇಕಾ ಬೇಡವಾ ಅನ್ನುವುದು ಸ್ಪ್ರಿಂಗ್ ಜತೆ ಬಂದ ಕಾಗದದಲ್ಲಿ ಇರುತ್ತದೆ, ಅದರಂತೆ ಮಾಡಿ. ಹೇಗೂ ಬಿಚ್ಚಿದ್ದೇವಲ್ಲ, ಮೇಲಿನ ಬೇರಿಂಗ್ ಕರಕರ ಅಂದರೆ ಈಗಲೇ ಬದಲಿಸಿ. ಹಿಂದಿನ ಕಡೆ ಸಣ್ಣ ಕಾರುಗಳಲ್ಲಿ ಬಹಳ ಸುಲಭ. ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮ್ ಕೆಳಗೆ ಜ್ಯಾಕ್ ಕೊಟ್ಟು, ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ನೆಲಕ್ಕೆ ಕೂತು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಿ. ಎಷ್ಟೋ ಕಡೆ ಇದನ್ನು ಬಿಡುತ್ತಾರೆ. ಚಕ್ರ ಜೋತಾಡುವಾಗ ಬಿಗಿದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ.

ನೂರು ಕಿಲೋಮೀಟರ್ ನಿಧಾನ ಓಡಿಸಿ. ಸ್ಪ್ರಿಂಗ್ ಕೂತುಕೊಳ್ಳುತ್ತದೆ. ಮತ್ತೆ ಅಳೆಯಿರಿ, ಎಲ್ಲ ಬೋಲ್ಟ್‌ಗಳನ್ನು ಬಿಗಿ ಅಳೆಯುವ ಪಾನಾ, ಟಾರ್ಕ್ ರೆಂಚ್‌ನಿಂದ ನೋಡಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ತಗ್ಗಿಸಿದಾಗ ಮುಂದಿನ ಚಕ್ರದ ತಲೆ ಸ್ವಲ್ಪ ಒಳಗೆ ವಾಲುತ್ತದೆ, ಜತೆಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವ ಕೋನ, ಬದಲಾಗುತ್ತದೆ. ಟಯರನ್ನು ಬೇಗ ತಿನ್ನುವುದು ಟೋ, ಅದನ್ನು ಸರಿ ಮಾಡಿಸದೆ ಘಟ್ಟ ಇಳಿಯಬೇಡಿ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ಅಂತಲೂ ಗೋಡೆ ಎದುರು ನಿಲ್ಲಿಸಿ ನೋಡಿ. ಕೊನೆಗೆ ಐದು ಜನ ಕೂತು, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನ ಒಂದು ಹಂಪ್ ಏರಿಸಿ. ಟಯರ್ ಎಲ್ಲಿಯಾದರೂ ಉಜ್ಜುವ ಸದ್ದು ಬಂದರೆ ಅಲ್ಲೇ ನಿಲ್ಲಿಸಿ.

ಈ ಕೆಲಸಕ್ಕೆ ಒಳ್ಳೆಯ ಕಾಲ ಅಂದರೆ ನವರಾತ್ರಿ ಕಳೆದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಮೇಲೆ ನೀರು ನಿಂತಾಗ ಹೊಂಡದ ಆಳ ಕಾಣುವುದಿಲ್ಲ, ಗಾಡಿ ತಗ್ಗಿದಷ್ಟೂ ನೀರು ಎಂಜಿನ್ ಹತ್ತಿರ. ಹಳೇ ಸ್ಪ್ರಿಂಗ್‌ಗಳನ್ನು ಗುಜರಿಗೆ ಕೊಡಬೇಡಿ. ಗ್ರೀಸ್ ಸವರಿ, ಮುಂದಿನದು, ಹಿಂದಿನದು ಅಂತ ಬರೆದು, ಮೆತ್ತಿಯ ಮೇಲೆ ಇಡಿ. ಮೇ ತಿಂಗಳಲ್ಲಿ ಅವನ್ನೇ ಮತ್ತೆ ಹಾಕಿಸಿ ಮಳೆಗಾಲ ಕಳೆಯಬಹುದು, ಆದರೆ ಪ್ರತಿ ಸಲವೂ ಅಲೈನ್‌ಮೆಂಟ್ ಖರ್ಚು ಇದ್ದೇ ಇದೆ. ಬೀಚ್ ಕಡೆ ಹೋಗಿ ಬಂದ ದಿನ ಚಕ್ರದ ಸಂದಿಯ ಸ್ಪ್ರಿಂಗ್ ಮತ್ತು ಕೆಳತಟ್ಟೆಗೆ ಸಿಹಿನೀರು ಹೊಡೆದು ತೊಳೆಯಿರಿ. ಬಣ್ಣ ಎದ್ದ ಕಡೆಯೇ ತುಕ್ಕು ಶುರುವಾಗುತ್ತದೆ, ತುಕ್ಕು ಹಿಡಿದ ಕಡೆಯೇ ಸ್ಪ್ರಿಂಗ್ ಮುರಿಯುತ್ತದೆ.