ಸ್ಪಿತಿಯಲ್ಲಿ ಬೆಳಿಗ್ಗೆ ಸೈಕಲ್, ಮಧ್ಯಾಹ್ನ ನಡಿಗೆ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಸೈಕಲ್‌ನಲ್ಲಿ ಹೋಗಿಬಂದೆ ಅಂದರೆ ಬೆಂಗಳೂರಿನ ಗೆಳೆಯರು ಮೊದಲು ಕೇಳುವುದು, ತಯಾರಿಗೆ ನಂದಿ ಬೆಟ್ಟ ಎಷ್ಟು ಸಲ ಹತ್ತಿದೆ ಅಂತ. ನಂದಿ ಕಾಲಿಗೆ ಒಳ್ಳೆಯದು, ಹತ್ತಲೇಬೇಕು. ಆದರೆ ನಂದಿಯ ತುದಿ 1,478 ಮೀಟರ್. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,900 ಚಿಲ್ಲರೆ. ಸ್ಪಿತಿಯ ಪೇಟೆ ಕಾಜಾ ಇರುವುದೇ ಸುಮಾರು 3,700 ಮೀಟರ್‌ನಲ್ಲಿ. ಅದರ ಮೇಲಿನ ಹಳ್ಳಿಗಳು 4,200ರಿಂದ 4,500 ದಾಟುತ್ತವೆ. ಅಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೊಡೆಯಲ್ಲಿ ಎಷ್ಟೇ ಬಲವಿರಲಿ, ಈ ಕೊರತೆ ತುಂಬುವುದಿಲ್ಲ. ರಾತ್ರಿ ಮಲಗುವ ಎತ್ತರವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಅದಕ್ಕೆ ನಾನು ಕಂಡುಕೊಂಡ ದಾರಿ ಇದು: ಬೆಳಿಗ್ಗೆ ನದಿಯ ಪಕ್ಕದ ರಸ್ತೆಯಲ್ಲಿ ಸೈಕಲ್, ಮಧ್ಯಾಹ್ನ ಸೈಕಲ್ ಬಿಟ್ಟು ಬೆಟ್ಟದ ಕಡೆ ನಡಿಗೆ, ಸಂಜೆ ಕೆಳಗಿಳಿದು ನಿದ್ದೆ.

ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲಿನ ಬ್ರೇಕ್ ವ್ಯಾನಿನಲ್ಲಿ ಸೈಕಲ್ ಸಾಗಿಸಿದೆ. ಮುಂದಿನ ಚಕ್ರ ಮತ್ತು ಪೆಡಲ್ ಬಿಚ್ಚಿ, ಗೇರ್ ಬದಲಿಸುವ ಹಿಂದಿನ ಡಿರೇಲರ್ ಒಳಕ್ಕೆ ತಿರುಗಿಸಿ, ರಟ್ಟು ಸುತ್ತಿ ಕಟ್ಟಿದ್ದೆ. ಮನಾಲಿ ಕಡೆಯಿಂದ ಹೊರಟರೆ ಸ್ಪಿತಿ ಹತ್ತಿರ, ನಿಜ. ಆದರೆ ಆ ದಾರಿ ಒಮ್ಮೆಲೇ ನಿಮ್ಮನ್ನು 4,550 ಮೀಟರ್ ಎತ್ತರದ ಕುಂಜುಂ ಕಣಿವೆಮಾರ್ಗಕ್ಕೆ ಎತ್ತಿ ಹಾಕುತ್ತದೆ. ಶಿಮ್ಲಾದಿಂದ ಕಿನ್ನೌರ್ ಮೂಲಕ ಸಟ್ಲೆಜ್ ನದಿ ಹಿಡಿದು ಹೋಗುವುದು ಉದ್ದದ ದಾರಿಯಾದರೂ ಮೈಗೆ ಸಮಯ ಕೊಡುತ್ತದೆ. ಬೆಂಗಳೂರಿನಿಂದ ಬರುವವರಿಗೆ ನಾನು ಬೇರೆ ದಾರಿ ಹೇಳುವುದೇ ಇಲ್ಲ.

ರೆಕಾಂಗ್ ಪಿಯೋ, ಕಲ್ಪಾ, ಪೂಹ್ ತನಕ ಅಂಥ ತೊಂದರೆಯಿಲ್ಲ. ಖಾಬ್‌ನಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುವ ಸೇತುವೆ ದಾಟಿದ ಮೇಲೆ ಕಾ ಊರಿನ ಸುರುಳಿ ತಿರುವುಗಳು ಶುರು. ಅಲ್ಲಿಂದ ನಾಕೋಗೆ ಸಾವಿರ ಮೀಟರಿಗೂ ಹೆಚ್ಚು ಏರು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನುವುದು ಪರ್ವತ ವೈದ್ಯರ ಲೆಕ್ಕ. ನಾಕೋ ಆ ಲೆಕ್ಕವನ್ನು ಮೀರುತ್ತದೆ. ಹಾಗಾಗಿ ಅಲ್ಲೇ ಇನ್ನೊಂದು ರಾತ್ರಿ ಉಳಿದೆ. ಮರುದಿನ ಕೆರೆಯ ಸುತ್ತ ಅಡ್ಡಾಡಿ, ಊರಿನ ಮೇಲಿನ ದಿಣ್ಣೆಗೆ ನಡೆದು ವಾಪಸಾದೆ. ಅಲ್ಲಿಂದ ಮುಂದೆ ರಸ್ತೆ ತಾಬೋಗೆ ಇಳಿಯುತ್ತದೆ. ಅದೂ ಒಳ್ಳೆಯದೇ, ಮೈ ಸುಧಾರಿಸಿಕೊಳ್ಳುತ್ತದೆ. ತಾಬೋದ ಮಣ್ಣಿನ ಗೋಂಪ, ಅಂದರೆ ಬೌದ್ಧ ಮಠ, ಕಟ್ಟಿದ್ದು ಕ್ರಿ.ಶ. 996ರಲ್ಲಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ನಿಂತಿರಿ. ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣಿಸತೊಡಗುತ್ತವೆ.

ನಡಿಗೆಯ ಉಪಯೋಗ ನನಗೆ ಸರಿಯಾಗಿ ಮನದಟ್ಟಾದದ್ದು ಶಿಚ್ಲಿಂಗ್‌ನಲ್ಲಿ. ಸೈಕಲ್ ಅಲ್ಲೇ ಒಂದು ಮನೆಯ ಅಂಗಳದಲ್ಲಿಟ್ಟು ಧನ್ಕರ್‌ಗೆ ಹತ್ತಿದೆ. ಸ್ಪಿತಿಯ ಹಳೆಯ ರಾಜಧಾನಿ ಅದು, ಸುಮಾರು 3,900 ಮೀಟರ್ ಎತ್ತರದಲ್ಲಿ ಸವೆದ ಮಣ್ಣಿನ ಕೊಂಬುಗಳ ಮೇಲೆ ಕೂತಿದೆ. ಕೆಳಗೆ ಪಿನ್ ನದಿ ಬಂದು ಸ್ಪಿತಿಯನ್ನು ಸೇರುತ್ತದೆ. ಗೋಂಪದ ಹಿಂದಿನಿಂದ ಕೆರೆಗೆ ಇನ್ನೊಂದು ಗಂಟೆಯ ಏರು. ನಾಲ್ಕು ಹೆಜ್ಜೆಗೆ ಒಂದು ಉಸಿರೆಳೆದುಕೊಂಡು, ನಾಲ್ಕು ಹೆಜ್ಜೆಗೆ ಬಿಟ್ಟು ನಡೆದೆ. ಕಡಿದಾದ ಕಡೆ ಅದನ್ನು ಎರಡಕ್ಕೆ ಇಳಿಸಿದೆ. ಕೆರೆ ದಂಡೆಯಲ್ಲಿ ಕೂತು ಪರಾಠ ತಿಂದು, ಬೆಳಕಿರುವಾಗಲೇ ಶಿಚ್ಲಿಂಗ್‌ಗೆ ಇಳಿದೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಮರುದಿನ ಕಾಜಾ ದಾರಿಯಲ್ಲಿ ಪೆಡಲ್ ಹಗುರವಾಗಿತ್ತು.

ಸೈಕಲ್‌ನಲ್ಲೂ ಇದೇ ಪಾಠ. ಮುಂದೆ 22 ಹಲ್ಲು, ಹಿಂದೆ 34 ಹಲ್ಲಿನ ಗೇರ್ ಇಲ್ಲದೆ ಈ ದಾರಿಗೆ ಬರಬೇಡಿ. ಏರಿನಲ್ಲಿ ಗಂಟೆಗೆ ಐದಾರು ಕಿಲೋಮೀಟರ್ ಸಾಕು. ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳಲು ಆಗುತ್ತಿದೆಯೇ ಅಂತ ಆಗಾಗ ನೋಡಿಕೊಳ್ಳುತ್ತಿದ್ದೆ. ಆಗದಿದ್ದರೆ ಗೇರ್ ಇಳಿಸುವುದು, ಅದೂ ಮುಗಿದಿದ್ದರೆ ಇಳಿದು ತಳ್ಳುವುದು. ಟೈರಿನ ಗಾಳಿಯನ್ನೂ ಮೇಲೇರಿದಂತೆ ಗಮನಿಸಬೇಕು. ಹೊರಗಿನ ಒತ್ತಡ ಕಮ್ಮಿಯಾಗುವುದರಿಂದ ಕೆಳಗೆ ತುಂಬಿದ್ದು ಮೇಲೆ ಐದಾರು ಪಿಎಸ್ಐ ಗಟ್ಟಿಯಾಗುತ್ತದೆ. ಜಲ್ಲಿ ರಸ್ತೆಗೆ ಅದು ಬೇಡ. ಸ್ವಲ್ಪ ಬಿಟ್ಟರೆ ಹಿಡಿತವೂ ಬರುತ್ತದೆ, ಬೆನ್ನಿಗೂ ಆರಾಮ. ಬ್ರೇಕ್ ಪ್ಯಾಡ್, ಚಕ್ರದ ಕಡ್ಡಿಗಳು, ಚೈನ್ ಕೊಂಡಿ, ಡಿರೇಲರ್ ಕೂರಿಸುವ ಹ್ಯಾಂಗರ್ ಎಲ್ಲ ಬೆಂಗಳೂರಿನಿಂದಲೇ ಒಯ್ದಿದ್ದೆ.

ಕಾಜಾದಲ್ಲಿ ಸೈಕಲ್‌ಗೆ ಬೀಗ ಹಾಕಿ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಕಡೆ ನಡೆದೇ ಹೋದೆ. ಟ್ಯಾಕ್ಸಿಯಲ್ಲಿ ಬರುವವರು ಈ ಮೂರನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಹಿಕ್ಕಿಂನ ಅಂಚೆ ಕಚೇರಿಯಿಂದ ಕಾರ್ಡ್ ಹಾಕಿ ಹೊರಟುಬಿಡುತ್ತಾರೆ. ಊರಿಂದ ಊರಿಗೆ ಹಳೆಯ ಕಾಲುದಾರಿ ಇನ್ನೂ ಬಳಕೆಯಲ್ಲಿದೆ, ಅದನ್ನು ನಡೆಯದೆ ಬರುವುದು ದೊಡ್ಡ ನಷ್ಟ. ಲಾಂಗ್ಜಾದ ನೆತ್ತಿಯ ಮೇಲೆ 6,303 ಮೀಟರಿನ ಚೌ ಚೌ ಕಾಂಗ್ ನಿಲ್ದಾ ಶಿಖರ. ಅದರ ಹಿಮ ಕರಗಿದ ನೀರು ಕೂಲ್ ಎಂಬ ಸಣ್ಣ ಕಾಲುವೆಗಳಲ್ಲಿ ಬಟಾಣಿ ಮತ್ತು ಬಾರ್ಲಿ ಹೊಲಕ್ಕೆ ಬರುತ್ತದೆ. ಒಬ್ಬಾಕೆ ನೀರು ತಿರುಗಿಸುವುದನ್ನು ಬಹಳ ಹೊತ್ತು ನೋಡಿದೆ. ಚಪ್ಪಟೆ ಕಲ್ಲೊಂದನ್ನು ಕಾಲುವೆಗೆ ಅಡ್ಡ ನಿಲ್ಲಿಸಿ, ಹುಲ್ಲುಬೇರಿನ ಹೆಂಟೆಯನ್ನು ಸಂದಿಗೆ ತುರುಕಿ, ಹಿಮ್ಮಡಿಯಿಂದ ಒತ್ತಿದರು. ನೀರು ಪಕ್ಕದ ಪಾತಿಗೆ ಹೊರಳಿತು. ಪಾತಿಯ ಕೊನೆಯ ಗಿಡ ನೆನೆದ ಮೇಲೆಯೇ ಕಲ್ಲು ತೆಗೆದರು. ನಮ್ಮ ತಾತನ ಅಡಿಕೆ ತೋಟದಲ್ಲಿ ಬಾಳೆಪಟ್ಟೆ ಅಡ್ಡ ಹಾಕಿ ನೀರು ತಿರುಗಿಸುತ್ತಿದ್ದದ್ದೂ ಹೀಗೆಯೇ.

ಅದೇ ದಾರಿಯ ಕರಿ ಜೇಡಿಪದರದಲ್ಲಿ ಗುಂಡು ಕಲ್ಲುಗಳು ಸಿಗುತ್ತವೆ. ಒಡೆದವುಗಳ ಒಳಗೆ ಪಕ್ಕೆಲುಬಿನಂಥ ಗೆರೆಗಳಿರುವ ಸುರುಳಿ ಚಿಪ್ಪು. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ಅಮ್ಮೊನೈಟ್‌ಗಳು, ಸುಮಾರು 15 ಕೋಟಿ ವರ್ಷ ಹಳೆಯವು. ನಮ್ಮ ಮನೆಗಳಲ್ಲಿ ಪೂಜೆಗಿಡುವ ಗಂಡಕಿಯ ಸಾಲಿಗ್ರಾಮವೂ ಇದೇ ಬಗೆಯ ಪಳೆಯುಳಿಕೆ. 4,400 ಮೀಟರ್ ಎತ್ತರದಲ್ಲಿ ಸಮುದ್ರದ ಚಿಪ್ಪನ್ನು ಬೆರಳಿಂದ ಸವರಿ, ಇದ್ದಲ್ಲೇ ಬಿಟ್ಟು ಬಂದೆ. ಯಾರಾದರೂ ಮಾರಲು ತಂದರೂ ದಯವಿಟ್ಟು ಕೊಳ್ಳಬೇಡಿ. ಈ ಬೆಟ್ಟಗಳ ಚರಿತ್ರೆ ಆ ಕಲ್ಲುಗಳಲ್ಲೇ ಇರುವುದು.

ಎತ್ತರದಲ್ಲಿ ಬರುವ ಕಾಯಿಲೆಯ ಮಾತು ಹೇಳಲೇಬೇಕು. ತಲೆನೋವಿನ ಜೊತೆ ವಾಂತಿ ಅಥವಾ ಓಲಾಟ ಕಂಡರೆ, ಕೂತಿರುವಾಗಲೂ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಯಬೇಕು. ಬೆಳಗಾಗಲಿ ಅಂತ ಕಾಯಬಾರದು. ಈ ಕಾಯಿಲೆಗೆ ಕೊಡುವ ಡಯಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ತಿಳಿಸಿ. ನಿದ್ದೆಗುಳಿಗೆಯೂ ಮದ್ಯವೂ ಬೇಡ. ನನ್ನ ಜೊತೆಗಾರನಿಗೆ ಕಾಜಾದಲ್ಲಿ ತಲೆ ಹಿಡಿದುಕೊಂಡಾಗ ಕಿಬ್ಬರ್ ಹಳ್ಳಿಗೆ ಹತ್ತುವುದನ್ನು ಮುಂದೂಡಿದೆವು. ನೀರು, ಥುಕ್ಪಾ ಎಂಬ ನೂಡಲ್ ಸಾರು, ವಿಶ್ರಾಂತಿಯಲ್ಲೇ ಸರಿಹೋಯಿತು. ಆಮೇಲೆ ಕೀ ಗೋಂಪದ ಕೆಳಗಿಂದ ಕಿಬ್ಬರ್ ಹತ್ತಿ, ಚಿಚಂ ಸೇತುವೆಗೂ ಹೋಗಿಬಂದೆವು. ಈ ಸೇತುವೆ ತೆರೆದದ್ದು 2017ರಲ್ಲಿ. ಅದಕ್ಕೂ ಮುಂಚೆ ಊರಿನವರು ಆ ಆಳದ ಕಂದರವನ್ನು ಹಗ್ಗ ಎಳೆದು ಸಾಗುವ ತೊಟ್ಟಿಲಿನಲ್ಲಿ ದಾಟುತ್ತಿದ್ದರು. ಸೇತುವೆಯ ನಡುವೆ ನಿಂತು ಕೆಳಗೆ ನೋಡಿದರೆ ಆ ಧೈರ್ಯ ಎಂಥದ್ದು ಅಂತ ತಿಳಿಯುತ್ತದೆ.

ಲೋಸರ್‌ನಿಂದ ಕುಂಜುಂಗೆ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅಷ್ಟು ಹೊತ್ತಿಗೆ ಮೈ ಪೂರ್ತಿ ಒಗ್ಗಿತ್ತು, ತಳ್ಳುವ ಪ್ರಸಂಗ ಬರಲಿಲ್ಲ. ಮೇಲೆ ಕುಂಜುಂ ಮಾತೆಯ ಗುಡಿಗೆ ವಾಹನಗಳೆಲ್ಲ ಪ್ರದಕ್ಷಿಣೆ ಹಾಕಿಯೇ ಮುಂದೆ ಹೋಗುತ್ತವೆ, ನಾವೂ ಸೈಕಲ್ ಹಿಡಿದು ಸುತ್ತಿದೆವು. ಆಚೆ ಕಡೆ ಬಾತಲ್‌ನಿಂದ ಗ್ರಾಂಫೂ ತನಕ ಚಂದ್ರಾ ನದಿ ಪಕ್ಕದ ರಸ್ತೆ ಉರುಟು ಕಲ್ಲು. ನಡುನಡುವೆ ರಸ್ತೆಯ ಮೇಲೆಯೇ ಹರಿಯುವ ತೊರೆಗಳು. ಬಿಸಿಲೇರಿ ಹಿಮ ಕರಗಿದಂತೆ ತೊರೆ ಉಕ್ಕುತ್ತದೆ; ಬೆಳಿಗ್ಗೆ ಮೊಣಕಾಲ ಕೆಳಗಿದ್ದ ನೀರು ಮಧ್ಯಾಹ್ನಕ್ಕೆ ತೊಡೆಗೆ ಬರಬಹುದು. ಬೆಳಕು ಹರಿಯುತ್ತಲೇ ಹೊರಟು, ಚೀಲಗಳನ್ನು ಮೊದಲು ದಾಟಿಸಿ, ಆಮೇಲೆ ಸೈಕಲ್ಲನ್ನು ದಾಟಿಸಬೇಕು. ಸೈಕಲ್ ಯಾವಾಗಲೂ ನಿಮಗಿಂತ ಕೆಳಹರಿವಿನ ಬದಿಗಿರಲಿ. ಮೇಲ್ಬದಿಗಿದ್ದರೆ ನೀರು ಅದನ್ನು ನಿಮ್ಮ ಕಾಲಿನ ಮೇಲೆಯೇ ತಳ್ಳುತ್ತದೆ. ಬೂಟು ಬಿಚ್ಚಬೇಡಿ, ಕಲ್ಲು ಜಾರುತ್ತದೆ.

ಈ ಭಾಗ ಬೇಡ ಅನ್ನಿಸಿದವರು ಕುಂಜುಂ ನೋಡಿ ಲೋಸರ್‌ಗೆ ತಿರುಗಿ, ಕಾಜಾದಿಂದ ರೆಕಾಂಗ್ ಪಿಯೋಗೆ ಹೋಗುವ ಸರ್ಕಾರಿ ಬಸ್ಸು ಹಿಡಿಯಬಹುದು. ಸೈಕಲ್ಲನ್ನು ಟಾಪಿನ ಮೇಲೆ ಮಲಗಿಸಿ, ಡಿರೇಲರ್ ಮೇಲ್ಮುಖವಾಗಿರುವಂತೆ ನೀವೇ ನಿಂತು ಕಟ್ಟಿಸಿ.