ಹಸುವಿನ ಕೊರಳಿನ ಜಿಪಿಎಸ್: ಬ್ಯಾಟರಿ ಎಲ್ಲಿ ಸೋರುತ್ತದೆ, ಹೇಗೆ ತಡೆಯಬೇಕು

ಮಲೆನಾಡು ಗಿಡ್ಡ ಹಸುಗಳನ್ನು ಕಾಡಿಗೆ ಮೇಯಲು ಬಿಡುವ ಮನೆಗಳಿಗೆ ನಾನು ಕೊರಳಪಟ್ಟಿಯ ಟ್ರ್ಯಾಕರ್ ಮಾಡಿಕೊಡುತ್ತೇನೆ. ಸಂಜೆ ಕೊಟ್ಟಿಗೆಗೆ ಬಾರದ ಹಸುವನ್ನು ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದು ಮೊಬೈಲಿನಲ್ಲಿ ಕಾಣಬೇಕು, ಅಷ್ಟೇ ಅದರ ಕೆಲಸ. ವಾರಕ್ಕೊಮ್ಮೆ ಪಟ್ಟಿ ಬಿಚ್ಚಿ ಚಾರ್ಜ್ ಮಾಡಿ ಎಂದರೆ ಯಾವ ಮನೆಯವರೂ ಅದನ್ನು ಹೆಚ್ಚು ದಿನ ಕಟ್ಟುವುದಿಲ್ಲ. ಹಾಗಾಗಿ ಇಲ್ಲಿ ಬ್ಯಾಟರಿಯ ಲೆಕ್ಕವೇ ಮೊದಲ ಲೆಕ್ಕ.

ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರು ಸ್ಥಳದ ಸುದ್ದಿ ಕಳುಹಿಸುವ ರೇಡಿಯೊವೇ ಹೆಚ್ಚು ಕರೆಂಟು ತಿನ್ನುತ್ತದೆ ಎಂದುಕೊಂಡು ಅದರ ಹಿಂದೆ ಬೀಳುತ್ತಾರೆ. ಲೆಕ್ಕ ಹಾಕಿ ನೋಡಿ. ಎಸ್‌ಎಕ್ಸ್1276 ಎಂಬ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಚಿಪ್ 17 ಡಿಬಿಎಂ ಬಲದಲ್ಲಿ ಕಳುಹಿಸುವಾಗ ಸುಮಾರು 87 ಮಿಲಿಆಂಪ್ ಎಳೆಯುತ್ತದೆ. ಎಸ್‌ಎಫ್ 10ರಲ್ಲಿ (ಎಸ್‌ಎಫ್ ಹೆಚ್ಚಿದಷ್ಟೂ ಸಂದೇಶ ದೂರ ತಲುಪುತ್ತದೆ, ಆದರೆ ನಿಧಾನ) ಐದು ಬೈಟ್ ಮಾಹಿತಿಯ ಲೋರಾವ್ಯಾನ್ (ಲೋರಾ ನೆಟ್‌ವರ್ಕಿನ) ಪ್ಯಾಕೆಟ್ 0.33 ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನ್ನೂ ಗುಣಿಸಿದರೆ ಖರ್ಚು 29 ಮಿಲಿಆಂಪ್-ಸೆಕೆಂಡ್. ನಿಯೋ-6ಎಂ ಜಿಪಿಎಸ್ ಸುಮಾರು 45 ಮಿಲಿಆಂಪ್‌ನಲ್ಲಿ 30 ಸೆಕೆಂಡು ಉಪಗ್ರಹ ಹುಡುಕಿದರೆ ಖರ್ಚು 1350. ಸ್ಥಳ ತಿಳಿಸುವುದಕ್ಕಿಂತ ಸ್ಥಳ ತಿಳಿಯುವುದಕ್ಕೇ 40 ಪಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಉಳಿತಾಯವನ್ನು ಅಲ್ಲಿಂದಲೇ ಶುರು ಮಾಡಬೇಕು.

ಆ 30 ಸೆಕೆಂಡು ಏಕೆ ಬೇಕು? ಪ್ರತಿ ಜಿಪಿಎಸ್ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು, ಅಂದರೆ ಎಫೆಮೆರಿಸನ್ನು, ಸೆಕೆಂಡಿಗೆ 50 ಬಿಟ್‌ನಂತೆ ನಿಧಾನವಾಗಿ ಸಾರುತ್ತದೆ. 30 ಸೆಕೆಂಡಿಗೊಮ್ಮೆ ಅದು ಮರುಕಳಿಸುತ್ತದೆ. ಒಮ್ಮೆ ಸಿಕ್ಕ ವಿವರ ಸುಮಾರು ನಾಲ್ಕು ತಾಸು ಬಳಕೆಗೆ ಬರುತ್ತದೆ. ಜಿಪಿಎಸ್‌ನ ವಿದ್ಯುತ್ತನ್ನು ಪೂರ್ತಿ ಕಡಿದರೆ ಅದು ಎಲ್ಲವನ್ನೂ ಮರೆತು ಮತ್ತೆ ಮೊದಲಿನಿಂದ ಹುಡುಕುತ್ತದೆ. ಮುಖ್ಯ ವಿದ್ಯುತ್ತನ್ನು ಪಿ-ಚಾನೆಲ್ ಮಾಸ್‌ಫೆಟ್ ಎಂಬ ಇಲೆಕ್ಟ್ರಾನಿಕ್ ಸ್ವಿಚ್ಚಿನಿಂದ ಕಡಿಯಿರಿ, ನೆನಪನ್ನು ಕಾಯುವ ಬ್ಯಾಕಪ್ ಪಿನ್ನಿಗೆ ಮಾತ್ರ ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಮೂಲಕ ಸದಾ 3.3 ವೋಲ್ಟ್ ಕೊಡಿ. ಅದಕ್ಕೆ ಬೇಕಾದದ್ದು ಸುಮಾರು 22 ಮೈಕ್ರೋಆಂಪ್. ಹೀಗೆ ಮಾಡಿದರೆ ತೆರೆದ ಆಕಾಶದಡಿ ಕೆಲವೇ ಸೆಕೆಂಡುಗಳಲ್ಲಿ ಸ್ಥಳ ಸಿಗುತ್ತದೆ.

ಇದರಿಂದ ಒಂದು ವಿಚಿತ್ರ ಫಲ ಹೊರಡುತ್ತದೆ. ಆರು ತಾಸಿಗೊಮ್ಮೆ ಎದ್ದರೆ ಎಫೆಮೆರಿಸ್ ಹಳಸಿರುತ್ತದೆ, ಪ್ರತಿ ಸಲವೂ 30 ಸೆಕೆಂಡು ಸುಡುತ್ತದೆ. ಎರಡು ತಾಸಿಗೊಮ್ಮೆ ಎದ್ದರೆ ಆರು ತಾಸಿನಲ್ಲಿ ಒಂದು ಸಲ ಮಾತ್ರ 30 ಸೆಕೆಂಡು ಎಚ್ಚರವಿದ್ದು ವಿವರವನ್ನು ಹೊಸದಾಗಿಸಿಕೊಳ್ಳಬೇಕು, ಉಳಿದ ಎರಡು ಸಲ ಐದೈದು ಸೆಕೆಂಡು ಸಾಕು; ಒಟ್ಟು 40 ಸೆಕೆಂಡು. ಮೂರು ಪಟ್ಟು ಸಲ ನೋಡಿದರೂ ಖರ್ಚು ಏರುವುದು ಮೂರನೇ ಒಂದರಷ್ಟು ಮಾತ್ರ! ಆ 30 ಸೆಕೆಂಡಿನ ಎಚ್ಚರವನ್ನು ಸಿಗ್ನಲ್ ಬಲವಾಗಿದ್ದಾಗ ಇಡಿ; ಹೊಸದಾಗಿ ಮೇಲೆದ್ದ ಉಪಗ್ರಹಗಳ ವಿವರವೂ ಆಗಲೇ ಸಿಗುತ್ತದೆ. ದಟ್ಟ ಮರಗಳ ಕೆಳಗೆ, ತಗಡಿನ ಮಾಡಿನ ಕೊಟ್ಟಿಗೆಯೊಳಗೆ ಎಷ್ಟು ಹುಡುಕಿದರೂ ಸಿಗದು. 60 ಸೆಕೆಂಡಿಗೆ ಕೈಬಿಡುವಂತೆ ಕೋಡ್‌ನಲ್ಲಿ ಕಡ್ಡಾಯವಾಗಿ ಬರೆಯಿರಿ.

ಹಸು ಕದಲದಿದ್ದರೆ ನೋಡುವುದೇ ಬೇಡ. ಎಲ್‌ಐಎಸ್3ಡಿಎಚ್‌ನಂಥ ಚಲನೆಯ ಸೆನ್ಸರ್ ಕೆಲವೇ ಮೈಕ್ರೋಆಂಪ್‌ನಲ್ಲಿ ಕಾವಲು ಕಾಯುತ್ತದೆ. ತೊಡಕಿರುವುದು ಮೆಲುಕಿನಲ್ಲಿ. ಮಲಗಿದ ಹಸು ದವಡೆ ಆಡಿಸುವಾಗ ಪಟ್ಟಿ ಒಂದೇ ಲಯದಲ್ಲಿ ಅಲುಗುತ್ತದೆ, ಸೆನ್ಸರ್ ಅದನ್ನು ನಡಿಗೆ ಎಂದು ಎಣಿಸುತ್ತದೆ. ಪಟ್ಟಿ ಕಟ್ಟಿ, ಮೆಲುಕು ಹಾಕುವ ಹಸುವಿನ ಪಕ್ಕ ಕೂತು ಅಂಕಿಗಳನ್ನು ಬರೆದುಕೊಂಡು, ಮಿತಿಯನ್ನು ಅದಕ್ಕಿಂತ ಸ್ವಲ್ಪ ಮೇಲೆ ಇಡಿ. ಮೇಜಿನ ಮುಂದೆ ಕೂತು ಊಹಿಸಿದ ಮಿತಿ ಕೆಲಸಕ್ಕೆ ಬಾರದು. ಕೊಟ್ಟಿಗೆಯ ಹೊರಗೆ ಬಹಳ ಹೊತ್ತು ಅಲುಗಾಡದ ಹಸುವಿನ ಸುದ್ದಿ ಮಾತ್ರ ತಪ್ಪದೆ ಹೋಗಬೇಕು. ಅದು ಹಳ್ಳಕ್ಕೆ ಬಿದ್ದಿರಬಹುದು.

ಇನ್ನೊಂದು ದೊಡ್ಡ ಸೋರಿಕೆ ನಿದ್ರೆಯದು. ಇದನ್ನೆಲ್ಲ ನಡೆಸುವ ಇಎಸ್‌ಪಿ32 ಚಿಪ್‌ಗೆ ಗಾಢ ನಿದ್ರೆಯಲ್ಲಿ 10 ಮೈಕ್ರೋಆಂಪ್ ಎಂಬುದು ನಿಜ, ಆದರೆ ಅದನ್ನು ಹೊತ್ತ ಬೋರ್ಡಿನ ಎಎಂಎಸ್1117 ರೆಗ್ಯುಲೇಟರ್ ತಾನೇ ಸುಮಾರು 5 ಮಿಲಿಆಂಪ್ ನುಂಗುತ್ತದೆ. ದಿನಕ್ಕೆ 120 ಮಿಲಿಆಂಪ್-ಗಂಟೆ; 2600 ಮಿಲಿಆಂಪ್-ಗಂಟೆಯ ಬ್ಯಾಟರಿ ಏನೂ ಮಾಡದೆ ಮೂರು ವಾರದಲ್ಲಿ ಖಾಲಿ. ಎಂಸಿಪಿ1700ನಂಥ ರೆಗ್ಯುಲೇಟರ್‌ಗೆ 1.6 ಮೈಕ್ರೋಆಂಪ್ ಸಾಕು, ಆದರೆ ಅದು ಕೊಡಬಲ್ಲದ್ದು 250 ಮಿಲಿಆಂಪ್ ಮಾತ್ರ. ವೈಫೈ ಆನ್ ಮಾಡುವಂತಿಲ್ಲ. ಸದಾ ಉರಿಯುವ ಪವರ್ ಎಲ್‌ಇಡಿಯನ್ನು ಕಿತ್ತುಹಾಕಿ.

ರೇಡಿಯೊದಲ್ಲೂ ಸ್ವಲ್ಪ ಉಳಿಸಬಹುದು. ಅಕ್ಷಾಂಶ ರೇಖಾಂಶಗಳನ್ನು ಜೇಸನ್ ಪಠ್ಯವಾಗಿ ಕಳುಹಿಸಿದರೆ 31 ಬೈಟ್, ಎಸ್‌ಎಫ್ 10ರಲ್ಲಿ 0.53 ಸೆಕೆಂಡು. ಕೊಟ್ಟಿಗೆಯನ್ನು ಮೂಲಬಿಂದುವಾಗಿಟ್ಟು ಅಲ್ಲಿಂದ ಇರುವ ಅಂತರವನ್ನಷ್ಟೇ ಡಿಗ್ರಿಯ ಲಕ್ಷದ ಒಂದು ಭಾಗದ ಅಳತೆಯಲ್ಲಿ ಕಳುಹಿಸಿದರೆ ಎರಡಕ್ಕೂ ಸೇರಿ ನಾಲ್ಕು ಬೈಟ್ ಸಾಕು. ಸುಮಾರು ಒಂದು ಮೀಟರ್ ಸೂಕ್ಷ್ಮತೆ, ಸುತ್ತ 35 ಕಿಲೋಮೀಟರ್ ವ್ಯಾಪ್ತಿ. ಯಾವ ಗಿಡ್ಡವೂ ಅಷ್ಟು ದೂರ ಹೋಗದು. ಪಟ್ಟಿಗಳ ಸಂದೇಶವನ್ನು ಹಿಡಿಯುವ ಗೇಟ್‌ವೇಯ ಆಂಟೆನಾವನ್ನು ಎತ್ತರಕ್ಕೇರಿಸಿ ಎಸ್‌ಎಫ್ ಇಳಿಸಿ. ಸ್ವೀಕೃತಿ ಕೇಳುವ ಪ್ಯಾಕೆಟ್ ಬೇಡ, ಕಣಿವೆಯಲ್ಲಿ ಉತ್ತರ ಬಾರದಿದ್ದರೆ ಪಟ್ಟಿ ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತದೆ. ಎದ್ದಾಗಲೆಲ್ಲ ನೆಟ್‌ವರ್ಕಿಗೆ ಹೊಸದಾಗಿ ಸೇರದಂತೆ ಮೊದಲು ಸೇರಿದಾಗ ಸಿಕ್ಕ ಗುಪ್ತ ಸಂಕೇತಗಳನ್ನೂ (ಸೆಷನ್ ಕೀಲಿಗಳನ್ನೂ) ಪ್ಯಾಕೆಟ್ ಎಣಿಕೆಯನ್ನೂ ಉಳಿಸಿಕೊಳ್ಳಿ.

ಐದನೆಯ ಬೈಟ್ ಬ್ಯಾಟರಿಯ ವೋಲ್ಟೇಜಿಗೆ. 3.5 ವೋಲ್ಟಿಗೆ ಇಳಿದೊಡನೆ ಮನೆಯವರ ಮೊಬೈಲಿಗೆ ಸಂದೇಶ ಹೋಗುವಂತೆ ಮಾಡುತ್ತೇನೆ. ಹಸು ಕೊಟ್ಟಿಗೆಯಲ್ಲಿ ಕಟ್ಟಿರುವಾಗಲೇ ಪಟ್ಟಿ ಬದಲಿಸಲು ಅವರಿಗೆ ಸಮಯ ಸಿಗುತ್ತದೆ.